ರಟ್ಟೆ ನೋವೋ, ಹೆಗಲು ನೋವೋ? ಭುಜ ಮತ್ತು ಕತ್ತಿನ ನಡುವೆ ಸಿಕ್ಕಿಕೊಂಡವರಿಗೆ

ಪ್ರಶ್ನೆ: ನನಗೆ 52 ವರ್ಷ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. 8 ವರ್ಷದಿಂದ ಶುಗರ್ ಇದೆ. ಈಗ 5 ತಿಂಗಳಿಂದ ಬಲ ಭುಜ ತುಂಬಾ ನೋಯುತ್ತಿದೆ. ಬೋರ್ಡಿನ ಮೇಲ್ಗಡೆ ಬರೆಯಲು ಕೈ ಏಳುವುದಿಲ್ಲ. ಜಡೆ ಹಾಕಿಕೊಳ್ಳಲು ಮಗಳನ್ನು ಕರೆಯಬೇಕು. ರಾತ್ರಿ ಬಲ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಒಬ್ಬ ಡಾಕ್ಟರು ಕತ್ತಿನ ಎಂಆರ್‌ಐ ಮಾಡಿಸಿ, ‘ಸಿ5–ಸಿ6 ಡಿಸ್ಕ್ ಉಬ್ಬಿದೆ, ನರ ಒತ್ತುತ್ತಿದೆ’ ಎಂದು ಕಾಲರ್ ಕೊಟ್ಟರು. 2 ತಿಂಗಳು ಹಾಕಿಕೊಂಡೆ. ಏನೂ ಕಡಿಮೆಯಾಗಿಲ್ಲ. ಇನ್ನೊಬ್ಬರು ‘ಇದು ಭುಜದ್ದೇ ತೊಂದರೆ’ ಎನ್ನುತ್ತಾರೆ. ಯಾರ ಮಾತು ನಂಬಲಿ? ಆಪರೇಷನ್ ಬೇಕಾಗುತ್ತದಾ?

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂದು ಮಾತನ್ನು ಹುಡುಕುತ್ತಿದ್ದೆ, ಸಿಗಲಿಲ್ಲ. ಬೆರಳು ಜೋಮು ಹಿಡಿಯುತ್ತದೆ ಎಂದು ನೀವು ಎಲ್ಲೂ ಬರೆದಿಲ್ಲ. ಕತ್ತು ತಿರುಗಿಸಿದರೆ ನೋವು ಹೆಚ್ಚಾಗುತ್ತದೆ ಎಂದೂ ಬರೆದಿಲ್ಲ. ನೀವು ಬರೆದಿರುವುದೆಲ್ಲ ಕೈ ಎತ್ತುವುದು, ಕೈ ಹಿಂದಕ್ಕೆ ತರುವುದು, ಆ ಮಗ್ಗುಲಿಗೆ ಮಲಗುವುದು. ಇಷ್ಟರಿಂದಲೇ ನನ್ನ ಮನಸ್ಸು ಭುಜದ ಕಡೆಗೆ ವಾಲುತ್ತದೆ. ಆದರೆ ಪತ್ರ ಓದಿ ರೋಗ ಹೇಳುವುದು ಸರಿಯಲ್ಲ. ಹಾಗಾಗಿ ನೀವೇ ಮನೆಯಲ್ಲಿ ಮಾಡಿ ನೋಡಬಹುದಾದ ಕೆಲವು ಪರೀಕ್ಷೆಗಳನ್ನು ಹೇಳುತ್ತೇನೆ. ಅದರ ಉತ್ತರ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ.

ಈ ಗೊಂದಲ ಯಾಕೆ ಇಷ್ಟು ಜಾಸ್ತಿ ಅಂತ ಮೊದಲು ಹೇಳಿಬಿಡುತ್ತೇನೆ. ಭುಜಕ್ಕೆ ಹೋಗುವ ನರಗಳೆಲ್ಲ ಹೊರಡುವುದು ಕತ್ತಿನಿಂದ. ಕತ್ತಿನಲ್ಲಿ 7 ಮೂಳೆಗಳಿವೆ. ಮೂಳೆಗಳ ನಡುವಿನ ಮೆತ್ತೆಯೇ ಡಿಸ್ಕ್, ಸಿ5–ಸಿ6 ಅಂದರೆ 5ನೇ ಮತ್ತು 6ನೇ ಮೂಳೆಗಳ ನಡುವಿನದು. ಈ ಮೂಳೆಗಳ ಅಕ್ಕಪಕ್ಕದಿಂದ 8 ಜೋಡಿ ನರಗಳು ಹೊರಗೆ ಬರುತ್ತವೆ. ಅದರಲ್ಲಿ 5ನೆಯದು ಮತ್ತು 6ನೆಯದು ಭುಜದ ಕೀಲಿಗೆ, ಅದರ ಸ್ನಾಯುಗಳಿಗೆ ಮುಖ್ಯವಾದವು. ಕೆರೆಯ ತೂಬಿನಲ್ಲಿ ಕಸ ಕಟ್ಟಿದರೆ ಒಣಗುವುದು ಕೊನೆಯ ಗದ್ದೆ. ಗದ್ದೆಯಲ್ಲಿ ನಿಂತು ನೋಡಿದವರಿಗೆ ತೊಂದರೆ ಗದ್ದೆಯದೇ ಅನಿಸುತ್ತದೆ. ಹಾಗೆಯೇ ಕತ್ತಿನಲ್ಲಿ ನರ ಒತ್ತಿದರೂ ನೋವು ತೋಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದರ ಉಲ್ಟಾ ಕೂಡ ಇದೆ. ಭುಜ ಹಿಡಿದುಕೊಂಡಾಗ ನಾವು ಕೈ ಎತ್ತಲು ಹೆಗಲನ್ನೇ ಕಿವಿಯ ಕಡೆಗೆ ಏರಿಸುತ್ತೇವೆ. ದಿನವಿಡೀ ಹೀಗೆ ಮಾಡಿದರೆ ಸಂಜೆಗೆ ಕತ್ತಿನ ಬುಡ ಕಲ್ಲಿನ ಹಾಗೆ ಬಿಗಿಯುತ್ತದೆ. ಆಗ ನಿಜವಾಗಿ ಕೆಟ್ಟಿರುವುದು ಭುಜ, ದೂರು ಬರುವುದು ಕತ್ತಿನ ಮೇಲೆ.

ಈಗ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ವಿಷಯ. ಇದನ್ನು ಕಲಿಸಿದ್ದು ಪುಸ್ತಕ ಅಲ್ಲ, ನಮ್ಮ ಹಳ್ಳಿಗಳಿಂದ ಬರುವ ಹಿರಿಯರು. ಪೇಟೆಯವರು ಎಲ್ಲಕ್ಕೂ ‘ಶೋಲ್ಡರ್ ಪೇನ್’ ಎನ್ನುತ್ತಾರೆ. ಆದರೆ ಕನ್ನಡದಲ್ಲಿ ಈ ಜಾಗಕ್ಕೆ ಒಂದೇ ಪದ ಇಲ್ಲ. ಹೆಗಲು ಅಂದರೆ ನೊಗ ಕೂರುವ ಜಾಗ, ಮಗುವನ್ನು ಕೂರಿಸಿಕೊಳ್ಳುವ ಜಾಗ, ಟವೆಲ್ ಹಾಕಿಕೊಳ್ಳುವ ಜಾಗ. ಕತ್ತಿನ ಬುಡದಿಂದ ಭುಜದ ತುದಿಯವರೆಗಿನ ಇಳಿಜಾರು ಅದು. ರಟ್ಟೆ ಅಂದರೆ ತೋಳಿನ ಮೇಲ್ಭಾಗ, ತಾಯತ ಕಟ್ಟುವ ಜಾಗ, ಇಂಜೆಕ್ಷನ್ ಚುಚ್ಚುವ ಜಾಗ. ಒಬ್ಬ ಅಜ್ಜಿ ಬಂದು ‘ರಟ್ಟೆ ಸೇದ್ತದೆ ಕಣಪ್ಪಾ’ ಅಂದರೆ ನಾನು ಮೊದಲು ಭುಜದ ಕೀಲನ್ನು ನೋಡುತ್ತೇನೆ. ‘ಹೆಗಲು ಎಳೀತದೆ, ಬೆನ್ನಿನ ಹಲಗೆ ಒಳಗೆ ಕೊರೀತದೆ’ ಅಂದರೆ ಮೊದಲು ಕತ್ತನ್ನು ನೋಡುತ್ತೇನೆ. ಎಲ್ಲ ಸಲವೂ ಇದು ಸರಿ ಬರುತ್ತದೆ ಅಂತಲ್ಲ. ಆದರೆ ಬಹಳ ಸಲ ಬರುತ್ತದೆ.

ಕಾರಣ ಇದೆ. ಭುಜದ ಕೀಲು ಮತ್ತು ಅದನ್ನು ಸುತ್ತಿರುವ ಸ್ನಾಯುರಜ್ಜುಗಳು ಕೆಟ್ಟಾಗ ನೋವು ಕೀಲಿನ ಮೇಲೆ ಕಾಣಿಸುವುದು ಕಡಿಮೆ. ಅದು ರಟ್ಟೆಯ ಹೊರಮಗ್ಗುಲಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಮೊಣಕೈ ದಾಟುವುದಿಲ್ಲ. ಕತ್ತಿನ ನರದ ನೋವು ಹೆಗಲಿನಿಂದ, ಬೆನ್ನಹಲಗೆಯ ಒಳ ಅಂಚಿನಿಂದ ಶುರುವಾಗಿ, ಒಂದು ಗೆರೆ ಎಳೆದ ಹಾಗೆ ಕೈಯುದ್ದಕ್ಕೂ ಇಳಿದು, ಮೊಣಕೈ ದಾಟಿ ಬೆರಳಿನವರೆಗೆ ಬರಬಹುದು.

‘ಎಲ್ಲಿ ನೋವು, ತೋರಿಸಿ’ ಅಂತ ಕೇಳಿದಾಗ ಕೈ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಾನು ಬಹಳ ಗಮನ ಇಟ್ಟು ನೋಡುತ್ತೇನೆ. ಭುಜದ ತೊಂದರೆ ಇರುವವರು ಅಂಗೈಯನ್ನು ರಟ್ಟೆಯ ಮೇಲೆ ಇಟ್ಟು ಮೇಲೆ ಕೆಳಗೆ ಉಜ್ಜುತ್ತಾರೆ. ಒಂದೇ ಜಾಗ ತೋರಿಸಲು ಅವರಿಗೆ ಆಗುವುದಿಲ್ಲ. ಕತ್ತಿನ ತೊಂದರೆ ಇರುವವರು ಕೈಯನ್ನು ಕತ್ತಿನ ಹಿಂದಕ್ಕೆ ಹಾಕಿ ಹೆಗಲನ್ನು ಹಿಂಡಿಕೊಳ್ಳುತ್ತಾರೆ. ಇನ್ನು ಕೆಲವರು ಒಂದೇ ಬೆರಳಿನಿಂದ ಭುಜದ ನೆತ್ತಿಯ ಮೇಲಿನ ಚಿಕ್ಕ ಉಬ್ಬನ್ನು ಮುಟ್ಟಿ ‘ಇಲ್ಲೇ ಸಾರ್’ ಅನ್ನುತ್ತಾರೆ. ಅದು ಕೊರಳೆಲುಬು ಭುಜಕ್ಕೆ ಸೇರುವ ಸಣ್ಣ ಕೀಲು, ಅದರ ಕಥೆಯೇ ಬೇರೆ. ಭಾರ ಎತ್ತುವವರಲ್ಲಿ, ಬೈಕಿನಿಂದ ಭುಜದ ಮೇಲೆ ಬಿದ್ದವರಲ್ಲಿ ಅದು ಕೆಡುತ್ತದೆ. ನೋಯುವ ಕೈಯನ್ನು ಎದೆಯ ಅಡ್ಡಕ್ಕೆ ಎಳೆದು ಇನ್ನೊಂದು ಭುಜ ಮುಟ್ಟಿದರೆ ಅಲ್ಲಿ ಚುಳ್ ಅನ್ನುತ್ತದೆ.

ಈಗ ಮುಖ್ಯ ಪರೀಕ್ಷೆ. ಇದನ್ನು ನಾನು ಬಾಗಿಲು ಪರೀಕ್ಷೆ ಅಂತ ಕರೆಯುತ್ತೇನೆ. ಯಾವ ಯಂತ್ರವೂ ಬೇಡ, ಮಗಳು ಪಕ್ಕದಲ್ಲಿ ಇದ್ದರೆ ಸಾಕು.

ಕುರ್ಚಿಯ ಮೇಲೆ ನೆಟ್ಟಗೆ ಕೂರಿ. ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ. ಬೇಕಾದರೆ ಒಂದೊಂದು ಮಡಚಿದ ಕರವಸ್ತ್ರವನ್ನು ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟುಕೊಳ್ಳಿ, ಅದು ಬೀಳಬಾರದು. ಮೊಣಕೈ ಮಡಚಿ, ಮುಂಗೈಗಳು ನೇರ ಮುಂದಕ್ಕೆ ಇರಲಿ, ಹೆಬ್ಬೆರಳು ಮೇಲಕ್ಕೆ. ಈಗ ಎರಡು ಬಾಗಿಲ ಕದ ತೆರೆದ ಹಾಗೆ ಎರಡೂ ಮುಂಗೈಗಳನ್ನು ಹೊರಗಡೆಗೆ ತೆರೆಯಿರಿ. ಎಡಗೈ ಎಷ್ಟು ತೆರೆಯಿತು, ಬಲಗೈ ಎಷ್ಟು ತೆರೆಯಿತು ನೋಡಿ. ನಂತರ ಬಲಗೈಯನ್ನು ಪೂರ್ತಿ ಸಡಿಲ ಬಿಡಿ. ಮಗಳು ಒಂದು ಕೈಯಿಂದ ನಿಮ್ಮ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನಿಮ್ಮ ಮಣಿಕಟ್ಟು ಹಿಡಿದು ನಿಧಾನವಾಗಿ ಹೊರಗೆ ತೆರೆಯಲಿ. ಬಲವಂತ ಬೇಡ. ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲಿಸಲಿ.

ಬಲಗೈ ನಿಮ್ಮಿಂದಲೂ ತೆರೆಯದೆ, ಮಗಳಿಂದಲೂ ತೆರೆಯದೆ, ಎಡಗೈ ತೆರೆದ ಅರ್ಧಕ್ಕೇ ಬೀಗ ಹಾಕಿದ ಹಾಗೆ ನಿಂತುಬಿಟ್ಟರೆ, ತೊಂದರೆ ಭುಜದ ಕೀಲಿನ ಒಳಗಿದೆ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಕತ್ತಿನ ನರ ಒತ್ತಿದರೆ ಸ್ನಾಯುವಿನ ಶಕ್ತಿ ಹೋಗಬಹುದು, ನೋವು ಬರಬಹುದು, ಜೋಮು ಬರಬಹುದು. ಆದರೆ ಇನ್ನೊಬ್ಬರು ನಿಮ್ಮ ಕೈಯನ್ನು ತಿರುಗಿಸುವುದನ್ನು ಆ ನರ ತಡೆಯಲಾರದು. ಕದ ತೆರೆಯುವವನಿಗೆ ಶಕ್ತಿ ಇಲ್ಲದಿರುವುದು ಒಂದು, ಕೀಲೇ ತುಕ್ಕು ಹಿಡಿದಿರುವುದು ಇನ್ನೊಂದು.

ನಿಮ್ಮಿಂದ ತೆರೆಯಲು ಆಗದೆ, ಮಗಳು ತೆರೆದರೆ ಸಲೀಸಾಗಿ ಪೂರ್ತಿ ತೆರೆದುಕೊಂಡರೆ ಆಗ ಯೋಚನೆ ಬೇರೆ. ಭುಜದ ಗುಂಡನ್ನು ಹಿಡಿದಿಡುವ 4 ಸ್ನಾಯುಗಳ ಒಂದು ಪಟ್ಟಿ ಇದೆ, ಅದು ಹರಿದಿರಬಹುದು. ಅಥವಾ ಕತ್ತಿನ ನರ ಆ ಸ್ನಾಯುಗಳಿಗೆ ಶಕ್ತಿ ಕೊಡುತ್ತಿಲ್ಲದೆ ಇರಬಹುದು. ಇವೆರಡನ್ನು ಬೇರೆ ಮಾಡಲು ಡಾಕ್ಟರು ಮೊಣಕೈ ಮಡಚುವ ಶಕ್ತಿ ನೋಡುತ್ತಾರೆ, ರಬ್ಬರ್ ಸುತ್ತಿಗೆಯಿಂದ ಮೊಣಕೈ ಮುಂದೆ ಬಡಿದು ನೋಡುತ್ತಾರೆ. ಭುಜದ ಪಟ್ಟಿ ಹರಿದವರಲ್ಲಿ ಮೊಣಕೈ ಮಡಚುವ ಶಕ್ತಿ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ. ನರದ ತೊಂದರೆಯಲ್ಲಿ ಅದೂ ಕುಗ್ಗಿರುತ್ತದೆ, ಸುತ್ತಿಗೆಯ ಏಟಿಗೆ ಕೈ ಚಿಮ್ಮುವುದೂ ಕಡಿಮೆಯಾಗಿರುತ್ತದೆ.

ಎರಡೂ ಕೈ ಸಮನಾಗಿ ತೆರೆದರೆ, ಮೇಲಕ್ಕೆ ಎತ್ತಿದಾಗಲೂ ಪೂರ್ತಿ ಎದ್ದರೆ, ನೋವು ಮಾತ್ರ ಇದ್ದರೆ ಕತ್ತಿನ ಕಡೆ ನೋಡಬೇಕು. ಅಲ್ಲೂ ಒಂದು ಗಮನ ಇರಲಿ. ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ಶುರುವಿನಲ್ಲಿ ನೋವಿಲ್ಲ, ಸುಮಾರು 60 ಡಿಗ್ರಿಯಿಂದ 120 ಡಿಗ್ರಿಯವರೆಗೆ ನೋವು, ಅದನ್ನು ದಾಟಿದರೆ ಮತ್ತೆ ಆರಾಮ. ಹೀಗಿದ್ದರೆ ಕೈ ಪೂರ್ತಿ ಎದ್ದರೂ ಭುಜದ ರಜ್ಜುವಿನದೇ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಗಣಿತದವರಿಗೆ ಕೋನ ಅಂದಾಜು ಮಾಡುವುದನ್ನು ನಾನು ಹೇಳಿಕೊಡಬೇಕಿಲ್ಲ ಅಲ್ವಾ.

ಕತ್ತಿನ ಪರೀಕ್ಷೆ ಹೀಗೆ. ಕೈಗಳನ್ನು ತೊಡೆಯ ಮೇಲೆ ಸುಮ್ನೆ ಇಟ್ಟುಕೊಳ್ಳಿ. ಭುಜ ಅಲ್ಲಾಡಬಾರದು. ನಿಧಾನವಾಗಿ ಮೇಲೆ ನೋಡಿ, ಹಾಗೇ ನೋಯುವ ಕಡೆಗೆ ತಲೆ ವಾಲಿಸಿ. ಆಗ ಕೈಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು ಇಳಿದರೆ, ನಿಮಗೆ ದಿನಾ ಬರುವ ಅದೇ ನೋವು ಬಂದರೆ, ಕತ್ತಿನ ನರ ಒತ್ತುತ್ತಿದೆ ಎಂದು ಅರ್ಥ. ಸ್ಪರ್ಲಿಂಗ್ ಮತ್ತು ಸ್ಕೋವಿಲ್ ಎಂಬ ಅಮೆರಿಕದ ಇಬ್ಬರು ನರಶಸ್ತ್ರ ವೈದ್ಯರು 1944ರಲ್ಲಿ ವಿವರಿಸಿದ ಪರೀಕ್ಷೆ ಇದು. ಇವತ್ತಿಗೂ ನಾವು ಬಳಸುತ್ತೇವೆ. ಡಾಕ್ಟರು ತಲೆಯ ಮೇಲೆ ಸ್ವಲ್ಪ ಒತ್ತಿಯೂ ನೋಡುತ್ತಾರೆ. ಅದನ್ನು ಮನೆಯಲ್ಲಿ ಯಾರಿಂದಲೂ ಮಾಡಿಸಬೇಡಿ. ಕತ್ತು ವಾಲಿಸಿದಾಗ ಹೆಗಲಿನಲ್ಲಿ ಸ್ವಲ್ಪ ಎಳೆತ ಮಾತ್ರ ಬಂದರೆ ಅದಕ್ಕೆ ಅಷ್ಟು ಅರ್ಥ ಇಲ್ಲ. ಕೈಯಲ್ಲಿ ಇಳಿಯಬೇಕು.

ಇನ್ನೊಂದು ಗುರುತು ನನಗೆ ಬಹಳ ಇಷ್ಟ, ಯಾಕೆಂದರೆ ಅದನ್ನು ರೋಗಿ ತಾನೇ ಕಂಡುಕೊಂಡಿರುತ್ತಾನೆ. ನಮ್ಮಲ್ಲಿ ತಲೆ ಮೇಲೆ ಕೈ ಹೊತ್ತು ಕೂರಬೇಡ ಅಂತ ಹಿರಿಯರು ಗದರುತ್ತಾರೆ. ಒಮ್ಮೆ ಒಬ್ಬ ಲಾರಿ ಡ್ರೈವರ್ ನನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಹಾಗೆಯೇ ಕೂತಿದ್ದರು. ಎಡಗೈ ಮಡಚಿ, ಅಂಗೈ ನೆತ್ತಿಯ ಮೇಲೆ. ಪಕ್ಕದಲ್ಲಿದ್ದ ಅವರ ತಾಯಿ ಎರಡು ಸಲ ಆ ಕೈಯನ್ನು ಕೆಳಗಿಳಿಸಿದರು. ಅವರು ಮತ್ತೆ ಮೇಲೆ ಇಟ್ಟುಕೊಂಡರು. ಒಳಗೆ ಬಂದ ಮೇಲೆ ಕೇಳಿದೆ. ‘ಹಿಂಗಿಟ್ಟರೆ ಹಾಯ್ ಅನ್ಸುತ್ತೆ ಸಾರ್, ಇಳಿಸಿದರೆ ಮತ್ತೆ ಶುರು’ ಅಂದರು. ಹೆಬ್ಬೆರಳು ತೋರುಬೆರಳು ಜೋಮು ಇದೆಯಾ ಅಂತ ಕೇಳಿದರೆ ಕಣ್ಣರಳಿಸಿ ‘ಹೌದು’ ಅಂದರು. ಅವರ ತೊಂದರೆ ಕತ್ತಿನದೇ ಆಗಿತ್ತು. ಕೈ ತಲೆಯ ಮೇಲೆ ಇಟ್ಟಾಗ ಒತ್ತಿಕೊಂಡಿರುವ ನರಕ್ಕೆ ಎಳೆತ ಕಡಿಮೆಯಾಗುತ್ತದೆ, ಅದಕ್ಕೇ ಆರಾಮ. ಭುಜ ಕೆಟ್ಟವರಿಗೆ ಕೈಯನ್ನು ಹಾಗೆ ತಲೆಯ ಮೇಲೆ ಇಡುವುದೇ ಕಷ್ಟ, ಇಟ್ಟರೆ ನೋವು ಏರುತ್ತದೆ. ಟೀಚರ್, ನಿಮಗೆ ಜಡೆ ಹಾಕಲು ಆಗುತ್ತಿಲ್ಲ ಅನ್ನುವುದು ಇಲ್ಲಿ ತುಂಬಾ ಮುಖ್ಯವಾದ ಸುಳಿವು.

ಬೆರಳುಗಳ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಹೆಬ್ಬೆರಳು, ತೋರುಬೆರಳು ಜೋಮು ಆದರೆ ಕತ್ತಿನ 6ನೇ ನರ. ನಡುಬೆರಳಾದರೆ 7ನೇ ನರ. ಕಿರುಬೆರಳು, ಉಂಗುರದ ಬೆರಳಾದರೆ 8ನೇ ನರ. 5ನೇ ನರಕ್ಕೆ ಮಾತ್ರ ಬೆರಳಿಲ್ಲ, ಅದು ರಟ್ಟೆಯ ಹೊರಭಾಗದಲ್ಲೇ ನಿಂತುಬಿಡುತ್ತದೆ. ಭುಜದ ನೋವಿನ ವೇಷ ಹಾಕುವುದರಲ್ಲಿ ಅದೇ ಎಲ್ಲಕ್ಕಿಂತ ಮುಂದೆ. ನಡುರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತದೆ ಅನ್ನುವವರಲ್ಲಿ ಹೆಚ್ಚಾಗಿ ನರ ಒತ್ತುವುದು ಮಣಿಕಟ್ಟಿನಲ್ಲಿ. ಶುಗರ್ ಇರುವವರಲ್ಲಿ ಅದೂ ಜಾಸ್ತಿ.

ಈಗ ನಿಮ್ಮ ಎಂಆರ್‌ಐ ವಿಷಯ. ರಿಪೋರ್ಟಿನಲ್ಲಿ ‘ಡಿಸ್ಕ್ ಉಬ್ಬಿದೆ’ ಅಂತ ಓದಿದಾಗ ಎದೆ ಧಸಕ್ ಅನ್ನುತ್ತದೆ, ಗೊತ್ತು. ಆದರೆ ಈ ಸಂಖ್ಯೆ ಕೇಳಿ. ಜಪಾನಿನಲ್ಲಿ ಕತ್ತು ನೋವು, ಕೈ ನೋವು ಏನೂ ಇಲ್ಲದ 1,211 ಜನರ ಕತ್ತಿನ ಎಂಆರ್‌ಐ ಮಾಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಅವರಲ್ಲಿ 87.6 ಶೇಕಡಾ ಜನರಿಗೆ ಡಿಸ್ಕ್ ಉಬ್ಬಿತ್ತು. 20ರ ಹರೆಯದ ಹುಡುಗ ಹುಡುಗಿಯರಲ್ಲೂ ಹೆಚ್ಚಿನವರಿಗೆ ಉಬ್ಬಿತ್ತು. ಅಂದರೆ ನಿಮ್ಮ ಸ್ಟಾಫ್ ರೂಮಿನಲ್ಲಿ ಆರಾಮಾಗಿ ಟೀ ಕುಡಿಯುತ್ತಿರುವ ಎಲ್ಲರಿಗೂ ಎಂಆರ್‌ಐ ಮಾಡಿಸಿದರೆ ಬಹುಪಾಲು ರಿಪೋರ್ಟುಗಳು ನಿಮ್ಮದರ ಹಾಗೆಯೇ ಬರುತ್ತವೆ. ಸಿ5–ಸಿ6 ಅಂತೂ ಕತ್ತಿನಲ್ಲಿ ಬೇಗ ಸವೆಯುವ ಜಾಗಗಳಲ್ಲಿ ಒಂದು.

ಭುಜದ ಸ್ಕ್ಯಾನ್ ಕೂಡ ಹೀಗೇ ದಾರಿ ತಪ್ಪಿಸಬಲ್ಲದು. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಭುಜ ನೋವೇ ಇಲ್ಲದ 96 ಜನರನ್ನು ನೋಡಿದರು. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಭುಜದ ಸ್ನಾಯುಪಟ್ಟಿ ಸ್ವಲ್ಪವೋ ಪೂರ್ತಿಯೋ ಹರಿದಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ. ಸ್ಕ್ಯಾನ್ ನೋಡಿ ನೋವನ್ನು ಹುಡುಕಿದರೆ ಯಾವಾಗಲೂ ಏನೋ ಒಂದು ಸಿಗುತ್ತದೆ. ಮೊದಲು ಕೈಯಿಂದ ಮುಟ್ಟಿ, ತಿರುಗಿಸಿ ನೋಡಬೇಕು. ಅಲ್ಲಿ ಕಂಡದ್ದಕ್ಕೆ ಸ್ಕ್ಯಾನ್ ಹೊಂದುತ್ತದಾ ಅಂತ ಆಮೇಲೆ ನೋಡಬೇಕು.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಡಗಿ ಬಂದಿದ್ದರು. ಕೈಯಲ್ಲಿ ಕತ್ತಿನ ಎಂಆರ್‌ಐ ಹಿಡಿದೇ ಬಂದಿದ್ದರು. ರಿಪೋರ್ಟ್ ಓದಿದೆ, ಕತ್ತಿನ ಚಿಕಿತ್ಸೆ ಬರೆದುಕೊಟ್ಟೆ. 4 ತಿಂಗಳು ಟ್ರ್ಯಾಕ್ಷನ್ (ಕತ್ತನ್ನು ಎಳೆದು ಹಿಡಿಯುವ ಚಿಕಿತ್ಸೆ), ಮಾತ್ರೆ, ಮತ್ತೆ ಟ್ರ್ಯಾಕ್ಷನ್. ಒಂದು ದಿನ ಅವರು ಶರ್ಟ್ ಬಿಚ್ಚುವುದನ್ನು ನೋಡಿದೆ. ಮೊದಲು ಒಳ್ಳೆಯ ಕೈಯನ್ನು ತೋಳಿನಿಂದ ಹೊರಗೆ ತೆಗೆದರು. ಆಮೇಲೆ ಶರ್ಟನ್ನು ಬೆನ್ನ ಹಿಂದಿನಿಂದ ಸುತ್ತಿಸಿ ತಂದು, ಇನ್ನೊಂದು ಕೈ ಒಂದಿಂಚೂ ಅಲುಗದ ಹಾಗೆ, ಅದರಿಂದ ನಿಧಾನವಾಗಿ ಜಾರಿಸಿದರು. ಮಗುವಿನ ಮೈಯಿಂದ ಬಟ್ಟೆ ತೆಗೆಯುವ ಹಾಗೆ. ಆಗ ಮುಂಗೈ ಹಿಡಿದು ಹೊರಗೆ ತಿರುಗಿಸಿ ನೋಡಿದೆ. ಅಲ್ಲಾಡಲೇ ಇಲ್ಲ. ಭುಜ ಪೂರ್ತಿ ಕಟ್ಟಿಕೊಂಡಿತ್ತು. ಮೊದಲ ದಿನ ನಾನು ಮಾಡಬೇಕಿದ್ದ ಅರ್ಧ ನಿಮಿಷದ ಕೆಲಸ ಅದು. ಅವರು ಆ 4 ತಿಂಗಳು ಉಳಿ ಹಿಡಿಯದೆ ಕೂಲಿ ಕಳೆದುಕೊಂಡಿದ್ದರು. ಅವತ್ತಿನಿಂದ ನಾನು ಸ್ಕ್ಯಾನ್ ಕವರನ್ನು ಮೇಜಿನ ಮೇಲೆ ಹಾಗೇ ಇಡಿಸುತ್ತೇನೆ. ಮೊದಲು ಶರ್ಟ್ ಬಿಚ್ಚುವುದನ್ನು, ರವಿಕೆಯ ತೋಳು ಸರಿಸುವುದನ್ನು, ಬ್ಯಾಗ್ ಕೆಳಗಿಡುವುದನ್ನು ನೋಡುತ್ತೇನೆ.

ನಿಮ್ಮ ಬಾಗಿಲು ಪರೀಕ್ಷೆಯಲ್ಲಿ ಬಲಗೈ ನಿಂತುಬಿಟ್ಟರೆ ನಿಮಗಿರುವುದು ಬಹುಶಃ ಫ್ರೋಜನ್ ಶೋಲ್ಡರ್, ಅಂದರೆ ಕಟ್ಟಿಕೊಂಡ ಭುಜ. ಭುಜದ ಕೀಲನ್ನು ಸುತ್ತಿರುವ ಚೀಲ ಉರಿಯೂತದಿಂದ ದಪ್ಪವಾಗಿ ಕುಗ್ಗಿಬಿಡುತ್ತದೆ. ಮೊದಲು ಸಡಿಲವಾದ ಜುಬ್ಬಾದ ಹಾಗಿದ್ದದ್ದು ತೊಳೆದು ಕುಗ್ಗಿದ ಬಟ್ಟೆಯ ಹಾಗಾಗುತ್ತದೆ. ಈ ಹೆಸರು ಕೊಟ್ಟಿದ್ದು ಬೋಸ್ಟನ್ನಿನ ವೈದ್ಯ ಕಾಡ್‌ಮನ್, 1934ರಲ್ಲಿ. ಜಪಾನಿನಲ್ಲಿ ಇದಕ್ಕೆ ‘ಐವತ್ತರ ಭುಜ’ ಅಂತಲೇ ಹೆಸರು. 40ರಿಂದ 60ರ ವಯಸ್ಸಿನಲ್ಲಿ ಜಾಸ್ತಿ, ಹೆಂಗಸರಲ್ಲಿ ಸ್ವಲ್ಪ ಜಾಸ್ತಿ, ಶುಗರ್ ಇರುವವರಲ್ಲಿ ಹಲವು ಪಟ್ಟು ಜಾಸ್ತಿ, ಥೈರಾಯ್ಡ್ ತೊಂದರೆ ಇರುವವರಲ್ಲೂ ಜಾಸ್ತಿ. ನಿಮ್ಮ ವಯಸ್ಸು, ನಿಮ್ಮ ಶುಗರ್, ನಿಮ್ಮ ಜಡೆ, ನಿಮ್ಮ ರಾತ್ರಿ ಎಲ್ಲ ಇದಕ್ಕೆ ಹೊಂದುತ್ತವೆ.

ಶುರುವಿನ ಕೆಲವು ತಿಂಗಳು ನೋವೇ ಮುಂದೆ. ಆಮೇಲೆ ನೋವು ಇಳಿಯುತ್ತದೆ, ಬಿಗಿತ ಉಳಿಯುತ್ತದೆ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಶುಗರ್ ಇರುವವರಿಗೆ ಇನ್ನೂ ನಿಧಾನ, ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿದುಬಿಡುತ್ತದೆ. ಆದರೆ ಅಷ್ಟು ಕಾಲ ಸುಮ್ನೆ ಸಹಿಸಿಕೊಂಡು ಕೂರಬೇಕಿಲ್ಲ. ಆಪರೇಷನ್ ಬೇಕಾಗುವುದು ಕೆಲವೇ ಜನರಿಗೆ, ಅದೂ ತಿಂಗಳುಗಟ್ಟಲೆ ಬೇರೆಲ್ಲ ಮಾಡಿದ ಮೇಲೆ. ಶುರುವಿನ ನೋವಿನ ಹಂತದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಹಳ ಜನರಿಗೆ ರಾತ್ರಿ ನಿದ್ದೆ ಮರಳಿಸುತ್ತದೆ. ಅದನ್ನು ಕೊಟ್ಟ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ಹಾಗಾಗಿ ಮೊದಲೇ ನಿಮ್ಮ ಶುಗರ್ ಡಾಕ್ಟರಿಗೆ ತಿಳಿಸಿ, ಆ ವಾರ ಮನೆಯಲ್ಲಿ ದಿನಾ ಚೆಕ್ ಮಾಡಿಕೊಳ್ಳಿ. ಇಂಜೆಕ್ಷನ್‌ಗೆ ಮೊದಲು ಭುಜದ ಒಂದು ಎಕ್ಸ್‌ರೇ ಆಗಲಿ. ಫ್ರೋಜನ್ ಶೋಲ್ಡರಿನಲ್ಲಿ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಕೀಲು ಸವೆತ, ಕೀಲು ತಪ್ಪಿರುವುದು, ಮೂಳೆಯ ಬೇರೆ ರೋಗ ಇವೂ ಬಾಗಿಲನ್ನು ಇದೇ ರೀತಿ ತಡೆಯುತ್ತವೆ, ಅವು ಇಲ್ಲ ಅಂತ ಖಾತ್ರಿಯಾಗಬೇಕು.

ವ್ಯಾಯಾಮದಲ್ಲಿ ಒಂದೇ ಎಚ್ಚರಿಕೆ. ನೋವಿನ ಹಂತದಲ್ಲಿ ಜೋರಾಗಿ ಎಳೆಯಬಾರದು. ‘ಎಳೆದು ಬಿಡಿಸಿಬಿಡ್ತೀನಿ’ ಅನ್ನುವವರ ಕೈಗೆ ಭುಜ ಕೊಡಬೇಡಿ. ಮೇಜಿನ ಮೇಲೆ ಎಡಗೈ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಜೋತು ಬಿಟ್ಟು ಚಿಕ್ಕ ಸುತ್ತು ತಿರುಗಿಸಿ. ಬಿಸಿನೀರಿನ ಸ್ನಾನ ಆದ ಮೇಲೆ ಮಾಡಿದರೆ ಸುಲಭ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಮೇಲೇರಿಸಿ, ಎಲ್ಲಿಗೆ ತಲುಪಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ತಾರೀಕು ಬರೆಯಿರಿ. ವಾರಕ್ಕೊಮ್ಮೆ ಆ ಗುರುತು ಮೇಲೆ ಹೋಗುವುದನ್ನು ನೋಡಿದರೆ ಧೈರ್ಯ ಬರುತ್ತದೆ. ವ್ಯಾಯಾಮದ ನೋವು ಮಾರನೆ ದಿನಕ್ಕೂ ಉಳಿದರೆ ಅದು ಅತಿಯಾಯಿತು ಅಂತ ಲೆಕ್ಕ.

ಪರೀಕ್ಷೆ ಕತ್ತಿನ ಕಡೆ ಬೊಟ್ಟು ಮಾಡಿದರೂ ಹೆದರಬೇಕಿಲ್ಲ. ಕತ್ತಿನ ನರದ ನೋವು ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆಯೇ ಇಳಿಯುತ್ತದೆ. ಕಾಲರನ್ನು ನೋವು ಜೋರಾಗಿರುವ ಕೆಲವು ದಿನ ಹಾಕಿದರೆ ಸಾಕು. ತಿಂಗಳುಗಟ್ಟಲೆ ಹಾಕಿದರೆ ಕತ್ತಿನ ಸ್ನಾಯುಗಳು ಸೊರಗುತ್ತವೆ. ಕೆಲವು ಸಲೂನುಗಳಲ್ಲಿ ಕ್ಷೌರ ಆದ ಮೇಲೆ ತಲೆ ಹಿಡಿದು ‘ಟಕ್’ ಅನಿಸುವ ಅಭ್ಯಾಸ ಇದೆ. ದಯವಿಟ್ಟು ಮನೆಯ ಗಂಡಸರಿಗೆ ಹೇಳಿ, ಅದು ಬೇಡ. ಕತ್ತಿನ ಮೂಳೆಗಳ ಒಳಗೆ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹೋಗುತ್ತವೆ. ಹಾಗೆ ಜೋರಾಗಿ ತಿರುಚಿದಾಗ ಅಪರೂಪಕ್ಕೆ ಅವು ಒಳಗೇ ಸೀಳಿ ಪಾರ್ಶ್ವವಾಯು ಆಗಿರುವುದುಂಟು.

ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ನಿಮ್ಮ ವಯಸ್ಸಿನಲ್ಲಿ ಅದು ಅಪರೂಪ ಅಲ್ಲ. ಆಗ ಯಾವುದು ಜಾಸ್ತಿ ಕಾಡುತ್ತಿದೆ ಅಂತ ತಿಳಿಯಲು ನಾವು ಭುಜದೊಳಗೆ ಸ್ವಲ್ಪ ಮರಗಟ್ಟಿಸುವ ಔಷಧ ಕೊಟ್ಟು ಒಂದು ಕಾಲು ಗಂಟೆ ಕಾಯುತ್ತೇವೆ. ಆಮೇಲೆ ಅದೇ ಕೈಯನ್ನು ಎತ್ತಿಸುತ್ತೇವೆ. ನೋವು ಬಹುತೇಕ ಮಾಯವಾದರೆ ನೋವಿನ ಮೂಲ ಭುಜ. ಏನೂ ವ್ಯತ್ಯಾಸ ಇಲ್ಲದಿದ್ದರೆ ಕತ್ತಿನ ಕಡೆ ತಿರುಗುತ್ತೇವೆ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದಾಗ ಈ ಪರೀಕ್ಷೆಯ ಬಗ್ಗೆ ಕೇಳಿ ನೋಡಬಹುದು.

ಕೆಲವು ನೋವು ಭುಜದ್ದೂ ಅಲ್ಲ, ಕತ್ತಿನದೂ ಅಲ್ಲ. ಇದನ್ನು ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ಮೆಟ್ಟಿಲು ಹತ್ತುವಾಗ, ಬೇಗ ನಡೆಯುವಾಗ ಭುಜ ಅಥವಾ ಕೈ ನೋವು ಬಂದು, ನಿಂತರೆ ಹೋಗುವುದು, ಜೊತೆಗೆ ಬೆವರು, ಎದೆ ಹಿಡಿತ, ಏದುಸಿರು ಇದ್ದರೆ ಅದು ಹೃದಯ ಇರಬಹುದು. ಎಡಗೈಯೇ ಆಗಬೇಕು ಅಂತಿಲ್ಲ. ಶುಗರ್ ಇರುವವರಲ್ಲಿ ಎದೆನೋವು ಇಲ್ಲದೆಯೂ ಬರಬಹುದು. ಆಗ ಮೂಳೆ ಡಾಕ್ಟರನ್ನು ಹುಡುಕಬೇಡಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಕರೆ ಮಾಡಿ. ಊಟದ ನಂತರ ಬಲ ಭುಜದ ತುದಿಯಲ್ಲಿ, ಬೆನ್ನಹಲಗೆಯಲ್ಲಿ ನೋವು, ವಾಕರಿಕೆ ಇದ್ದರೆ ಪಿತ್ತಕೋಶದ ಕಲ್ಲು ಇರಬಹುದು. ಬಹಳ ವರ್ಷ ಬೀಡಿ ಸಿಗರೇಟು ಸೇದಿದವರಿಗೆ ಹಗಲು ರಾತ್ರಿ ಬಿಡದ ಭುಜ ನೋವು, ಕಿರುಬೆರಳು ಜೋಮು, ಅಂಗೈ ಸೊರಗುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು ಇದ್ದರೆ ಶ್ವಾಸಕೋಶದ ತುದಿಯ ಗಡ್ಡೆ ಇರಬಹುದು. ಎದೆಯ ಎಕ್ಸ್‌ರೇ ತಡ ಮಾಡಬಾರದು. ಎರಡೂ ಕೈಯ ಬೆರಳು ಮಂದವಾಗಿ ಶರ್ಟಿನ ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೆ ಕತ್ತಿನಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಇದರಲ್ಲಿ ನೋವು ಕಡಿಮೆ ಇರುವುದರಿಂದ ಜನ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಆಪರೇಷನ್ ಬೇಗ ಬೇಕಾಗುವ ಕತ್ತಿನ ತೊಂದರೆ ಮುಖ್ಯವಾಗಿ ಇದು. ಜ್ವರ ಇದ್ದು ಭುಜ ಊದಿದರೆ, ಬಿದ್ದ ನಂತರ ಕೈ ಎತ್ತಲು ಆಗದಿದ್ದರೆ ಅವತ್ತೇ ತೋರಿಸಿ.

ಈಗ ನಿಮ್ಮ ಮುಂದಿನ ವಾರ. ಕತ್ತು ತಿರುಗಿಸಿದಾಗ ಕೈಯಲ್ಲಿ ನೋವಿಲ್ಲ, ಜೋಮಿಲ್ಲ, ಶಕ್ತಿ ಸರಿಯಿದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ ಅಂತಾದರೆ, ಅದನ್ನೇ ಡಾಕ್ಟರಿಗೆ ಹೇಳಿ ಕಾಲರ್ ಬಿಡುವ ಮಾತಾಡಿ. ಭುಜವನ್ನು ತಿರುಗಿಸಿ ನೋಡಲು ಕೇಳಿ, ಕೇಳುವುದರಲ್ಲಿ ತಪ್ಪೇನೂ ಇಲ್ಲ. 3 ತಿಂಗಳ ಸರಾಸರಿ ಶುಗರ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬೋರ್ಡಿನಲ್ಲಿ ಎದೆಯ ಮಟ್ಟಕ್ಕೆ ಬರೆಯಿರಿ, ಮೇಲ್ಗಡೆಯದನ್ನು ಒಬ್ಬ ವಿದ್ಯಾರ್ಥಿಯಿಂದ ಬರೆಸಿ. ರಾತ್ರಿ ಎಡ ಮಗ್ಗುಲಿಗೆ ಮಲಗಿ, ಎದೆಯ ಮುಂದೆ ಒಂದು ದಿಂಬು ಇಟ್ಟು ಬಲಗೈಯನ್ನು ಅದರ ಮೇಲೆ ಹಾಕಿ, ಕೈ ಕೆಳಗೆ ಜೋಲಬಾರದು. ಬ್ಲೌಸ್ ಹಾಕುವಾಗ ನೋಯುವ ಕೈ ಮೊದಲು, ತೆಗೆಯುವಾಗ ಅದೇ ಕೈ ಕೊನೆಗೆ. ಸದ್ಯಕ್ಕೆ ಮುಂದೆ ಹುಕ್ ಇರುವುದನ್ನೇ ಹಾಕಿಕೊಳ್ಳಿ.

ಇನ್ನೊಂದು ಮಾತು ಇದೆ. ಶುಗರ್ ಇರುವವರಲ್ಲಿ ಒಂದು ಭುಜ ಬಿಟ್ಟ ಮೇಲೆ ಇನ್ನೊಂದು ಹಿಡಿಯುವುದುಂಟು. ತಿಂಗಳಿಗೊಮ್ಮೆ ಎಡಗೈಗೂ ಬಾಗಿಲು ಪರೀಕ್ಷೆ ಮಾಡಿ ನೋಡಿ. ಸ್ವಲ್ಪ ಕಡಿಮೆ ತೆರೆದರೂ ಈ ಸಲ 5 ತಿಂಗಳು ಕಾಯಬೇಡಿ, ಅದೇ ವಾರ ತೋರಿಸಿ.